ಶಾಲಾ ಪ್ರವಾಸ: ಟೂರ್ ಮ್ಯಾನೇಜರ್ ಜೊತೆ ಪ್ರಶ್ನೋತ್ತರ

ಟೂರ್ ಮ್ಯಾನೇಜರ್: ನಮಸ್ಕಾರ. ಹದಿನೆಂಟು ವರ್ಷದಿಂದ ಶಾಲಾ ಮಕ್ಕಳ ಪ್ರವಾಸವನ್ನೇ ಮಾಡಿಸುತ್ತಿದ್ದೇನೆ. ಡಿಸೆಂಬರ್ ಹತ್ತಿರ ಬಂತು, ಏನಿದ್ದರೂ ಕೇಳಿ.

ಹಾಸನದ ಪೋಷಕಿ: ಮೇಡಂ, ಮಗಳಿಗೆ ಬಸ್ಸಿನಲ್ಲಿ ವಾಂತಿ ಆಗುತ್ತದೆ. ಹೊಕ್ಕುಳಿಗೆ ಪ್ಲಾಸ್ಟರ್ ಅಂಟಿಸಿದರೆ ನಿಲ್ಲುತ್ತದೆ ಅಂತ ಮೆಸೇಜ್ ಬಂದಿದೆ. ನಿಜವಾ?

ಟೂರ್ ಮ್ಯಾನೇಜರ್: ಇಲ್ಲ. ಮುಂದಿನ ಸೀಟಿನಲ್ಲಿ ಕೂರಿಸಿ, ದೂರದ ರಸ್ತೆ ನೋಡಲಿ. ಹೊರಡುವ ಮುಂಚೆ ಎಣ್ಣೆ ತಿಂಡಿ ಬೇಡ. ಮಾತ್ರೆ ಡಾಕ್ಟರನ್ನು ಕೇಳಿಯೇ ಕೊಡಿ, ಟೀಚರಿಗೂ ತಿಳಿಸಿ.

ತುಮಕೂರಿನ ಶಿಕ್ಷಕ: ಎಂಟನೇ ತರಗತಿ, 52 ಮಕ್ಕಳು, ನಾಲ್ವರು ಟೀಚರ್‌ಗಳು. ರಾತ್ರಿ 9ಕ್ಕೆ ಹೊರಟು ಬೆಳಿಗ್ಗೆ ಹಂಪಿ, ಮಧ್ಯಾಹ್ನ ಬಾದಾಮಿ, ಪಟ್ಟದಕಲ್ಲು, ಐಹೊಳೆ. ಮರುದಿನ ಸಂಜೆ ಮುರುಡೇಶ್ವರ ಬೀಚ್, ರಾತ್ರಿಯೇ ವಾಪಸ್. ಆಗುತ್ತಾ?

ಟೂರ್ ಮ್ಯಾನೇಜರ್: ಸರ್, ಓದಿ ಹೆದರಿಕೆ ಆಯಿತು. ರಾತ್ರಿ ಪೂರ್ತಿ ಓಡಿಸಿದ ಡ್ರೈವರ್ ಹಗಲೂ ಓಡಿಸಬೇಕಾ? ಹಂಪಿಯಿಂದ ಬಾದಾಮಿಗೇ ಸುಮಾರು 140 ಕಿ.ಮೀ. ಮಕ್ಕಳು ನಿದ್ದೆಗಣ್ಣಲ್ಲಿ ಇಳಿದು ಹತ್ತುತ್ತಾರೆ, ಅಷ್ಟೇ.

ಬೀಚ್ ಬೇಡವೇ ಬೇಡ. 2024ರ ಡಿಸೆಂಬರ್‌ನಲ್ಲಿ ಅದೇ ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅಲೆ ಒಡೆಯದೆ ಸುಮ್ಮನಿರುವ ಜಾಗ ಕಂಡರೆ ಮಕ್ಕಳು ಅಲ್ಲಿಗೇ ಓಡುತ್ತಾರೆ. ಎಷ್ಟೋ ಸಲ ನೀರು ಒಳಕ್ಕೆ ಎಳೆಯುವುದು ಅಲ್ಲೇ. ದಡದಲ್ಲಿ ನಿಂತು ಸೀಟಿ ಊದಿದರೆ ಅಲೆಯ ಸದ್ದಿಗೆ ಕೇಳಿಸುವುದಿಲ್ಲ.

ಹಗಲು ಹೊರಡಿ, ಹೊಸಪೇಟೆಯಲ್ಲಿ ಉಳಿಯಿರಿ, ಇಡೀ ಪ್ರವಾಸ ಹಂಪಿಗೇ ಕೊಡಿ. ವಿರೂಪಾಕ್ಷ ಗುಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ, ಸಣ್ಣ ಕಿಂಡಿಯಿಂದ ಬರುವ ಬೆಳಕಿನಲ್ಲಿ, ಗೋಪುರದ ನೆರಳು ತಲೆಕೆಳಗಾಗಿ ಗೋಡೆ ಮೇಲೆ ಬೀಳುತ್ತದೆ. ಒಬ್ಬ ಹುಡುಗನ ಕೈಗೆ ಬಿಳಿ ಹಾಳೆ ಕೊಡಿ. ಗೋಡೆಯಿಂದ ಕಿಂಡಿಯ ಕಡೆಗೆ ಹಾಳೆ ತಂದಂತೆಲ್ಲ ಗೋಪುರ ಚಿಕ್ಕದಾಗುತ್ತದೆ. ಯಾಕೆ ಅಂತ ನೀವು ಹೇಳಬೇಡಿ. ಬೆಳಕು ನೇರವಾಗಿ ಹೋಗುತ್ತದೆ ಅನ್ನುವುದನ್ನು ಅವರ ಬಾಯಲ್ಲೇ ಹೇಳಿಸಿ. ಒಬ್ಬ ಟೀಚರಿಗೆ 13 ಮಕ್ಕಳು, ಅದೇ ಗುಂಪು ಕೊನೆವರೆಗೂ. ಬಸ್ ಹತ್ತುವಾಗ ತಲೆ ಎಣಿಸಬೇಡಿ, ಹೆಸರು ಕೂಗಿ.

ಶಿವಮೊಗ್ಗದ ಶಿಕ್ಷಕಿ: ನಮ್ಮ ತರಗತಿಯಲ್ಲಿ ವೀಲ್‌ಚೇರ್ ಬಳಸುವ ಹುಡುಗಿ ಇದ್ದಾಳೆ. ಹಂಪಿಯಲ್ಲಿ ಅವಳನ್ನು ಎಲ್ಲೆಲ್ಲಿ ಕರೆದುಕೊಂಡು ಹೋಗಬಹುದು?

ದಾವಣಗೆರೆಯ ಸದಸ್ಯ: ‘3 ದಿನ 17 ಸ್ಥಳ’ ಪ್ಲಾನ್ ಇದೆ, ಎಲ್ಲರೂ ಶೇರ್ ಮಾಡಿ.

ಟೂರ್ ಮ್ಯಾನೇಜರ್: ದಯವಿಟ್ಟು ಇಂಥದ್ದು ಇಲ್ಲಿ ಹಾಕಬೇಡಿ. ಇದನ್ನು ನಂಬಿ ಯಾರಾದರೂ ಮಕ್ಕಳನ್ನು ಹೊರಡಿಸಿಬಿಡುತ್ತಾರೆ.

ಗದಗಿನ ಪೋಷಕ: ಹಂಪಿ ಹತ್ತಿರದ ಕಮಲಾಪುರದ ಮ್ಯೂಸಿಯಂ ಶುಕ್ರವಾರ ತೆರೆದಿರುತ್ತಾ?

ಟೂರ್ ಮ್ಯಾನೇಜರ್: ರಜೆ.

ಕೋಲಾರದ ಪೋಷಕಿ: ವಾಂತಿಗೆ ಪೇಪರ್ ಮೇಲೆ ಕೂರಿಸಿದರೆ ಸಾಕಂತೆ?

ಟೂರ್ ಮ್ಯಾನೇಜರ್: ಮೇಲೆ ಓದಿ.

ಮಂಡ್ಯದ ಪೋಷಕ: ಇಷ್ಟೆಲ್ಲ ಸರಿ. ದುಡ್ಡು ಕೊಡಲಾಗದ ಮಕ್ಕಳು ಆ ಮೂರು ದಿನ ಖಾಲಿ ಕ್ಲಾಸಿನಲ್ಲಿ ಕೂತಿರುತ್ತಾರಲ್ಲ, ಅದರ ಬಗ್ಗೆ ಯಾರೂ ಮಾತಾಡಲ್ಲ.

ಬೆಂಗಳೂರಿನ ಪೋಷಕಿ: ಪ್ರವಾಸ ಕಡ್ಡಾಯ ಅಲ್ವಲ್ಲ. ಆಗದಿದ್ದರೆ ಕಳಿಸಬೇಡಿ.

ಮಂಡ್ಯದ ಪೋಷಕ: ಹತ್ತು ವರ್ಷದ ಮಗನ ಮುಂದೆ ನಿಂತು ಈ ಮಾತು ಹೇಳಿ ನೋಡೋಣ. ನನ್ನ ಮಗ ಹೋದ ವರ್ಷ ಗೆಳೆಯರು ತಂದ ಫೋಟೋ ನೋಡಿ ಊಟ ಬಿಟ್ಟ.

ಬೆಂಗಳೂರಿನ ಪೋಷಕಿ: ಎಲ್ಲದಕ್ಕೂ ಅಳುವುದಾದರೆ ಗ್ರೂಪ್ ಯಾಕೆ?

ತುಮಕೂರಿನ ಶಿಕ್ಷಕ: ಅಮ್ಮಾ, ಮಾತು ಹಿಡಿತದಲ್ಲಿರಲಿ.

ಟೂರ್ ಮ್ಯಾನೇಜರ್: ಸಾಕು. ದೂರದ ಪ್ರವಾಸಕ್ಕೆ ಅರ್ಧ ಕ್ಲಾಸ್ ಬರುವುದಾದರೆ, ಇಡೀ ಕ್ಲಾಸ್ ಬರುವಂಥ ಒಂದು ದಿನದ ಪ್ರವಾಸ ಮಾಡಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಖರ್ಚೆಲ್ಲ ಬಸ್ಸಿಗೆ. ದೂರ ಕಡಿಮೆ ಮಾಡಿದರೆ ದುಡ್ಡೂ ಕಡಿಮೆ.

ಬೆಂಗಳೂರಿನ ಪೋಷಕಿ: ನೀವೂ ಅವರ ಕಡೆಗೇನಾ?

ಟೂರ್ ಮ್ಯಾನೇಜರ್: ಹೌದು.

ಶಿವಮೊಗ್ಗದ ಶಿಕ್ಷಕಿ: ಮೇಡಂ, ವೀಲ್‌ಚೇರ್ ಬಗ್ಗೆ ಕೇಳಿದ್ದೆ. ಸೋಮವಾರ ಹೆಸರು ಕೊಡಬೇಕು. ಅವಳು ದಿನಾ ಬಂದು ಕೇಳುತ್ತಿದ್ದಾಳೆ.