ಬಟನ್ ಬಿಟ್ಟರೂ ಎಲ್‌ಇಡಿ ಆರಲ್ಲ, ಒತ್ತಿದರೆ ಸರಿಯಾಗಿ ಉರಿಯಲ್ಲ. ಟ್ರಾನ್ಸಿಸ್ಟರ್ ಪಾಠ ನೋಡಿ ತಲೆ ಕೆಟ್ಟಿದೆ

ಅರೆಬೆಂದ_ವಾಹಕ
ಎಲ್ಲರಿಗೂ ನಮಸ್ಕಾರ. ಸೆಮಿಕಂಡಕ್ಟರ್ ಬಗ್ಗೆ ವಿಡಿಯೋ ಪಾಠಗಳ ಸರಣಿಯೊಂದನ್ನು ನೋಡುತ್ತಿದ್ದೇನೆ. ಡಯೋಡ್ ತನಕ ಎಲ್ಲ ಸಲೀಸಾಗಿ ಹೋಯ್ತು. ಪಿ ಕಡೆ, ಎನ್ ಕಡೆ, ನಡುವೆ ಖಾಲಿ ಪಟ್ಟಿ, ಎಲ್ಲ ಅರ್ಥ ಆಯ್ತು. ಟ್ರಾನ್ಸಿಸ್ಟರ್ ಪಾಠಕ್ಕೆ ಬಂದ ಮೇಲೆ ಗ್ರಹಚಾರ ಶುರುವಾಯ್ತು.

ವಿಡಿಯೋದಲ್ಲಿ ತೋರಿಸಿದ ಸರ್ಕ್ಯೂಟ್ ಹಾಗೇ ಹಾಕಿದ್ದೇನೆ. ಎಲ್‌ಇಡಿ, 470 ಓಮ್ ರೆಸಿಸ್ಟರ್, ಒಂದು ಎನ್‌ಪಿಎನ್ ಟ್ರಾನ್ಸಿಸ್ಟರ್ (ಎಮಿಟರ್, ಬೇಸ್, ಕಲೆಕ್ಟರ್ ಅಂತ ಮೂರು ಕಾಲು), ಬೇಸ್‌ಗೆ 10ಕೆ (10,000 ಓಮ್) ರೆಸಿಸ್ಟರ್, ಒಂದು ಪುಶ್ ಬಟನ್. ಒತ್ತಿದರೆ ಹತ್ತಬೇಕು, ಬಿಟ್ಟರೆ ಆರಬೇಕು. ನನ್ನದು ಬಿಟ್ಟಾಗಲೂ ಮಂಕಾಗಿ ಉರಿಯುತ್ತದೆ. ಒತ್ತಿದರೆ ಸ್ವಲ್ಪ ಜಾಸ್ತಿ ಆಗುತ್ತದೆ, ಅಷ್ಟೇ. ವಿಡಿಯೋದಲ್ಲಿ ಕಣ್ಣು ಕೋರೈಸುವ ಹಾಗೆ ಉರಿಯಿತು. ಎಲ್ಲ ಒಂದೊಂದಾಗಿ ನೋಡಿ ಆಯ್ತು, ತಪ್ಪು ಎಲ್ಲೂ ಇಲ್ಲ. ಯಾರಾದ್ರೂ ಹೇಳಿ, ಈ ಟ್ರಾನ್ಸಿಸ್ಟರ್ ಅನ್ನೋದು ಸ್ವಿಚ್ಚಾ ಅಥವಾ ಸುಮ್ನೆ ಮೂರು ಕಾಲಿನ ಸುಳ್ಳಾ?

ಓಮ್_ಕಾರ
ಬೇಸ್ ತೇಲ್ತಾ ಇದೆ. ಕಣ್ಣು ಮುಚ್ಚಿ ಹೇಳಬಹುದು. ಬಟನ್ ಬಿಟ್ಟಾಗ ಬೇಸ್‌ಗೆ ಯಾವ ಆಧಾರವೂ ಇಲ್ಲ. ಸುತ್ತಲಿನ ಗದ್ದಲವನ್ನೆಲ್ಲ ಆಂಟೆನಾ ಥರ ಹೀರಿಕೊಳ್ಳುತ್ತದೆ. ಬೇಸ್‌ನಿಂದ ಗ್ರೌಂಡ್‌ಗೆ ಒಂದು 10ಕೆ ಹಾಕಿ, ಮುಗೀತು.

ಅರೆಬೆಂದ_ವಾಹಕ
ಹಾಕಿದೆ. ಏನೂ ಬದಲಾಗಲಿಲ್ಲ.

ಓಮ್_ಕಾರ
ಹಾಗಾದರೆ 4.7ಕೆ ಹಾಕಿ. ಅದೂ ಸಾಲದಿದ್ದರೆ 1ಕೆ.

ಹಳೇ_ರೇಡಿಯೋ
ಬ್ರೆಡ್‌ಬೋರ್ಡ್ ಮೇಲೆ ಏನು ಕಲಿತೀರಿ? ಒಳಗಿನ ಕ್ಲಿಪ್ಪು ಸಡಿಲ ಆಗಿರುತ್ತದೆ, ಸಾಲಿಂದ ಸಾಲಿಗೆ ಲೀಕ್ ಆಗುತ್ತದೆ. ಒಂದು ತುಂಡು ಬೋರ್ಡ್ ತಗೊಂಡು ಸೋಲ್ಡರ್ ಮಾಡಿ ನೋಡಿ. ಇಲ್ಲಾಂದ್ರೆ ಟ್ರಾನ್ಸಿಸ್ಟರೇ ನಕಲಿ.

ಅರೆಬೆಂದ_ವಾಹಕ
4.7ಕೆ ಹಾಕಿದೆ, 1ಕೆ ಹಾಕಿದೆ. ಬೋರ್ಡ್‌ನ ಇನ್ನೊಂದು ಮೂಲೆಗೆ ಎಲ್ಲವನ್ನೂ ಸಾಗಿಸಿದೆ. ಅದೇ ಪ್ಯಾಕೆಟ್‌ನ ಬೇರೆ ಟ್ರಾನ್ಸಿಸ್ಟರ್ ಹಾಕಿದೆ. ಅದೇ ಕಥೆ. ಕೊನೆಗೆ ಸಿಟ್ಟು ಬಂದು ಬೇಸನ್ನು ನೇರವಾಗಿ ವಯರ್‌ನಿಂದ ಗ್ರೌಂಡ್‌ಗೇ ಸೇರಿಸಿದೆ. ಆಗಲೂ ಉರೀತಿದೆ!

ಓಮ್_ಕಾರ
ವಯರ್ ಸರಿಯಾಗಿ ಕೂತಿರಲಿಕ್ಕಿಲ್ಲ. ಬೇಸ್ ತೇಲುವುದೇ ಇದಕ್ಕೆ ಕಾರಣ, ನಾನು ಇಂಥದ್ದು ಎಷ್ಟು ನೋಡಿಲ್ಲ.

ಪಿಎನ್‌ಪಿ_ಪುಟ್ಟಿ
ಗ್ರೌಂಡ್‌ಗೆ ಕಟ್ಟಿ ಹಾಕಿದ ಮೇಲೂ ಅದು ಹೇಗೆ ಸ್ವಾಮಿ ತೇಲುತ್ತದೆ?

ಹಳೇ_ರೇಡಿಯೋ
ಇದಕ್ಕೇ ಹೇಳೋದು, ವಿಡಿಯೋ ನೋಡಿ ಈಜು ಕಲಿಯಕ್ಕಾಗಲ್ಲ ಅಂತ. ಬೇಸ್ ಅಂದ್ರೆ ನಲ್ಲಿ, ಕಲೆಕ್ಟರ್ ಅಂದ್ರೆ ಟ್ಯಾಂಕು, ಇಷ್ಟು ಹೇಳಿ ಪಾಠ ಮುಗಿಸಿಬಿಡ್ತಾರೆ.

ಪಿಎನ್‌ಪಿ_ಪುಟ್ಟಿ
ನಲ್ಲಿ ಹೋಲಿಕೆ ಶುರುವಿಗೆ ಸಾಕಲ್ವಾ? ಬೇಸ್‌ಗೆ ಚೂರು ಕರೆಂಟ್ ಕೊಟ್ಟರೆ ಕಲೆಕ್ಟರ್‌ನಲ್ಲಿ ಅದರ ನೂರಿನ್ನೂರು ಪಟ್ಟು ಹರಿಯುತ್ತದೆ. ಕರೆಂಟ್‌ನಿಂದ ಕರೆಂಟ್ ನಿಯಂತ್ರಣ.

ಓಮ್_ಕಾರ
ಅಲ್ಲ. ಬೈಪೋಲಾರ್ ಟ್ರಾನ್ಸಿಸ್ಟರನ್ನು ನಿಯಂತ್ರಿಸುವುದು ವೋಲ್ಟೇಜ್. ಬೇಸ್-ಎಮಿಟರ್ ನಡುವೆ ಸುಮಾರು 60 ಮಿಲಿವೋಲ್ಟ್ ಹೆಚ್ಚಿಸಿದರೆ ಕಲೆಕ್ಟರ್ ಕರೆಂಟ್ ಹತ್ತು ಪಟ್ಟು ಆಗುತ್ತದೆ. 1954ರಲ್ಲೇ ಎಬರ್ಸ್ ಮತ್ತು ಮೋಲ್ ಸಮೀಕರಣ ಬರೆದಿಟ್ಟಿದ್ದಾರೆ. ಬೇಸ್ ಕರೆಂಟ್ ಅನ್ನೋದು ನಾವು ತೆರುವ ತೆರಿಗೆ ಮಾತ್ರ.

ಪಿಎನ್‌ಪಿ_ಪುಟ್ಟಿ
ಸರಿ, ಆ ಸಮೀಕರಣ ಇಟ್ಕೊಂಡು ಬೇಸ್ ರೆಸಿಸ್ಟರ್ ಎಷ್ಟು ಬೇಕು ಅಂತ ಲೆಕ್ಕ ಹಾಕಿ ತೋರಿಸಿ. ಸ್ವಿಚ್ ಮಾಡುವವರು ಎಲ್ಲರೂ ಬೀಟಾ (ಆ ನೂರಿನ್ನೂರು ಪಟ್ಟು ಅನ್ನೋ ಗೇನ್) ಹಿಡಿದೇ ಲೆಕ್ಕ ಹಾಕೋದು.

ಓಮ್_ಕಾರ
ಒಂದೇ ಬ್ಯಾಚ್‌ನಲ್ಲೂ ಬೀಟಾ ಒಂದಕ್ಕೊಂದು ತಾಳೆ ಆಗಲ್ಲ. ಬೀಟಾ ನಂಬಿ ಸರ್ಕ್ಯೂಟ್ ಮಾಡುವವರಿಗೆ ದೇವರೇ ಗತಿ.

ಸ್ಕೋಪ್_ಸುಬ್ಬ
ಜಗಳ ಯಾಕೆ? ಕರ್ವ್ ಟ್ರೇಸರ್‌ಗೆ (ವೋಲ್ಟೇಜ್-ಕರೆಂಟ್ ಗೆರೆ ಬರೆದು ತೋರಿಸುವ ಉಪಕರಣ) ಹಾಕಿ, ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ನಾನು ಹೊಸದಾಗಿ ನಾಲ್ಕು ಚಾನೆಲ್ ಆಸಿಲೋಸ್ಕೋಪ್ ತಗೊಂಡ ಮೇಲೆ ಹಳೇ ಸ್ಕೋಪನ್ನು ಎಕ್ಸ್-ವೈ ಮೋಡ್‌ನಲ್ಲಿಟ್ಟು ಅದನ್ನೇ ಕರ್ವ್ ಟ್ರೇಸರ್ ಮಾಡಿಕೊಂಡಿದ್ದೇನೆ. ಪಕ್ಕದಲ್ಲಿ ಎರಡು ಔಟ್‌ಪುಟ್ ಇರುವ ಬೆಂಚ್ ಸಪ್ಲೈ. ಮೇಜಿನ ಫೋಟೋ ಬೇಕಿದ್ದರೆ ಹಾಕ್ತೇನೆ.

ಹಳೇ_ರೇಡಿಯೋ
ಸ್ಕೋಪ್ ಯಾಕೆ ಬೇಕು ಮಾರಾಯ್ರೇ. ನಾವು ಓಸಿ71 ಅನ್ನೋ ಜರ್ಮೇನಿಯಂ ಟ್ರಾನ್ಸಿಸ್ಟರ್‌ನಲ್ಲಿ ಕಲಿತವರು. ಗಾಜಿನ ಮೈ, ಮೇಲೆ ಕಪ್ಪು ಬಣ್ಣ. ಆ ಬಣ್ಣ ಕೆರೆದರೆ ಅದೇ ಬೆಳಕಿನ ಸೆನ್ಸರ್ ಆಗುತ್ತಿತ್ತು. ಸೆಮಿಕಂಡಕ್ಟರ್ ಅಂದರೆ ಏನು ಅಂತ ಅವತ್ತು ಅರ್ಥ ಆಯ್ತು. ವಿಡಿಯೋ ಇರಲಿಲ್ಲ, ಬ್ಲೇಡ್ ಇತ್ತು.

ಮಿಂಚುಳ್ಳಿ
ಇಷ್ಟು ಮಾತಾಯ್ತು, ಟ್ರಾನ್ಸಿಸ್ಟರ್ ನಂಬರ್ ಏನು ಅಂತ ಒಬ್ಬರೂ ಕೇಳಲಿಲ್ಲ. ಸಪ್ಲೈ ಎಷ್ಟು ವೋಲ್ಟ್ ಅಂತಲೂ ಇಲ್ಲ.

ಅರೆಬೆಂದ ಅವರೇ, ಮೂರು ವಿಷಯ ಹೇಳಿ. ನಿಮ್ಮ ಟ್ರಾನ್ಸಿಸ್ಟರ್ ಮೇಲೆ ಏನು ಬರೆದಿದೆ? ವಿಡಿಯೋದಲ್ಲಿ ಬಳಸಿದ್ದು ಯಾವುದು? ಸಪ್ಲೈ ಏನು? ಆಮೇಲೆ ಬೇಸ್‌ನಿಂದ ಗ್ರೌಂಡ್‌ಗೆ ಹಾಕಿದ ಆ ಪುಲ್‌ಡೌನ್ ರೆಸಿಸ್ಟರ್, ವಯರ್ ಎಲ್ಲ ತೆಗೆದು, ಬಟನ್ ಬಿಟ್ಟು, ಮೀಟರ್‌ನ ಕಪ್ಪು ಕಡ್ಡಿ ಗ್ರೌಂಡ್‌ನಲ್ಲಿಟ್ಟು ಬೇಸ್‌ನಲ್ಲಿ ಎಷ್ಟಿದೆ, ಎಲ್‌ಇಡಿ ಸೇರುವ ಕಾಲಿನಲ್ಲಿ ಎಷ್ಟಿದೆ ಅಳೆಯಿರಿ. ಒತ್ತಿ ಹಿಡಿದು ಇನ್ನೊಮ್ಮೆ.

ಅರೆಬೆಂದ_ವಾಹಕ
ನಂಬರ್ ಬೇಕು ಅಂತ ಗೊತ್ತಿರಲಿಲ್ಲ. ಎನ್‌ಪಿಎನ್ ಅಂದ ಮೇಲೆ ಎಲ್ಲ ಒಂದೇ ಅಲ್ವಾ? ನನ್ನದು ಬಿಸಿ547ಬಿ. ವಿಡಿಯೋದಲ್ಲಿ 2ಎನ್3904. ಅಲ್ಲಿ 5 ವೋಲ್ಟ್, ನನ್ನ ಹತ್ತಿರ ಇದ್ದದ್ದು 12 ವೋಲ್ಟ್ ಅಡಾಪ್ಟರ್. ಜಾಸ್ತಿ ವೋಲ್ಟ್ ಅಂದ್ರೆ ಜಾಸ್ತಿ ಬೆಳಕು ಬರಬೇಕಿತ್ತು, ಹಾಗಾಗಿ ಅದು ಮುಖ್ಯ ಅನಿಸಲಿಲ್ಲ.

ಬಟನ್ ಬಿಟ್ಟಾಗ: ಬೇಸ್ 0.6, ಎಲ್‌ಇಡಿ ಕಾಲು 8.6.
ಒತ್ತಿದಾಗ: ಬೇಸ್ 0.7, ಎಲ್‌ಇಡಿ ಕಾಲು 7.0.

ಓಮ್_ಕಾರ
ನೋಡಿ, ಬಟನ್ ಬಿಟ್ಟಾಗ ಬೇಸ್‌ನಲ್ಲಿ 0.6 ಇದೆ! ತೇಲ್ತಾ ಇದೆ ಅಂದೆನಲ್ಲ.

ಮಿಂಚುಳ್ಳಿ
ಇಲ್ಲ. ತೇಲುವ ಬೇಸ್‌ನಲ್ಲಿ ಅಷ್ಟು ಗಟ್ಟಿಯಾಗಿ 0.6 ನಿಲ್ಲುವುದಿಲ್ಲ. ಯಾರೋ ಅಲ್ಲಿಗೆ ಕರೆಂಟ್ ತಳ್ಳುತ್ತಿದ್ದಾರೆ. ಬಟನ್ ತೆರೆದಿದೆ, ಹಾಗಾಗಿ ಕರೆಂಟ್ ಬರಬಹುದಾದ ದಾರಿ ಒಂದೇ: ಎಲ್‌ಇಡಿ ಸೇರಿದ ಕಾಲು. 8.6ರಲ್ಲಿ 0.6 ಕಳೆಯಿರಿ, 8 ವೋಲ್ಟ್. ಆ 8 ವೋಲ್ಟ್‌ಗೆ ಒಳಗಿನ ಒಂದು ಜಂಕ್ಷನ್ ಝೀನರ್ ಡಯೋಡ್ ಥರ ಉಲ್ಟಾ ಕುಸಿದು ಕರೆಂಟ್ ಬಿಡುತ್ತಿದೆ. ಬಿಸಿ547ರ ಕಲೆಕ್ಟರ್-ಬೇಸ್ ಜಂಕ್ಷನ್ 50 ವೋಲ್ಟ್ ತಡೆಯುತ್ತದೆ, 8ಕ್ಕೆ ಕುಸಿಯುವುದಿಲ್ಲ. ಎಮಿಟರ್-ಬೇಸ್ ಜಂಕ್ಷನ್‌ಗೆ ಡೇಟಾಶೀಟ್ ಕೊಟ್ಟಿರುವ ಮಿತಿ 6 ವೋಲ್ಟ್ ಮಾತ್ರ.

ಅಂದರೆ ನೀವು ಎಲ್‌ಇಡಿ ಸೇರಿಸಿರುವುದು ಕಲೆಕ್ಟರ್‌ಗಲ್ಲ, ಎಮಿಟರ್‌ಗೆ. ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇರುವಂತೆ ಹಿಡಿದರೆ 2ಎನ್3904ರಲ್ಲಿ ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಬಿಸಿ547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ವಿಡಿಯೋ ನೋಡಿ ಹಾಗೇ ಚುಚ್ಚಿದ್ದೀರಿ. ತಿರುಗಿಸಿ ಹಾಕಿ.

ಅರೆಬೆಂದ_ವಾಹಕ
ಉರೀತು! ಬಿಟ್ಟರೆ ಪೂರ್ತಿ ಆರುತ್ತದೆ, ಒತ್ತಿದರೆ ಜಗ್ ಅಂತ ಹತ್ತುತ್ತದೆ. ಎಲ್‌ಇಡಿ ಕಾಲಿನಲ್ಲಿ ಈಗ 0.1 ವೋಲ್ಟ್.

ಆದರೆ ನನ್ನ ತಲೆ ಇನ್ನೂ ಅಲ್ಲೇ ನಿಂತಿದೆ. ವಿಡಿಯೋದಲ್ಲಿ ಎನ್-ಪಿ-ಎನ್ ಅಂತ ಒಂದೇ ಅಳತೆಯ ಮೂರು ಡಬ್ಬ ಬರೆದರು. ಎರಡು ತುದಿಯೂ ಎನ್. ಹಾಗಿದ್ದ ಮೇಲೆ ತಿರುಗಿಸಿ ಹಾಕಿದರೆ ವ್ಯತ್ಯಾಸ ಯಾಕೆ ಬರಬೇಕು?

ಮಿಂಚುಳ್ಳಿ
ಆ ಚಿತ್ರವೇ ಎಲ್ಲರ ದಾರಿ ತಪ್ಪಿಸೋದು. ಮೂರು ಡಬ್ಬ ಒಂದೇ ಅಳತೆಯಲ್ಲಿ ಇರುವುದಿಲ್ಲ. ಎಮಿಟರ್ ಚಿಕ್ಕದು, ಆದರೆ ಅದಕ್ಕೆ ಡೋಪಿಂಗ್ (ಬೇಕಂತಲೇ ಬೆರೆಸುವ ಬೇರೆ ಧಾತು) ತುಂಬಾ ಜಾಸ್ತಿ. ಬೇಸ್ ತೀರಾ ತೆಳು, ಡೋಪಿಂಗ್ ಅದಕ್ಕಿಂತ ಎಷ್ಟೋ ಕಡಿಮೆ. ಕಲೆಕ್ಟರ್ ದೊಡ್ಡದು, ಬೇಸನ್ನು ಕೆಳಗಿನಿಂದ ಪೂರ್ತಿ ಹಿಡಿದುಕೊಂಡಿರುತ್ತದೆ. ಬೇಸ್‌ಗೆ ತಾಗುವ ಕಡೆ ಅದರ ಡೋಪಿಂಗ್ ಎಲ್ಲಕ್ಕಿಂತ ಕಡಿಮೆ.

ಸರಿಯಾದ ದಿಕ್ಕಿನಲ್ಲಿ ಹಾಕಿದಾಗ ಎಮಿಟರ್ ರಾಶಿ ರಾಶಿ ಎಲೆಕ್ಟ್ರಾನ್‌ಗಳನ್ನು ಬೇಸ್‌ಗೆ ಸುರಿಯುತ್ತದೆ. ಬೇಸ್‌ನಿಂದ ಎಮಿಟರ್ ಕಡೆಗೆ ಹೋಗುವ ಹೋಲ್‌ಗಳು (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳು) ತೀರಾ ಕಡಿಮೆ. ಬೇಸ್ ತೆಳು ಇರುವುದರಿಂದ ಎಲೆಕ್ಟ್ರಾನ್‌ಗಳು ಅಲ್ಲಿ ಹೋಲ್‌ಗೆ ಸಿಕ್ಕಿ ಕಳೆದುಹೋಗುವ ಮೊದಲೇ ಆಚೆ ದಾಟಿ ಕಲೆಕ್ಟರ್‌ನ ಕೈಗೆ ಬೀಳುತ್ತವೆ. ಎರಡು ಡಯೋಡ್‌ಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಸೇರಿಸಿದರೆ ಟ್ರಾನ್ಸಿಸ್ಟರ್ ಆಗದಿರುವುದೂ ಇದಕ್ಕೇ. ನಡುವಿನ ಪಿ ಭಾಗ ತೆಳು ಇಲ್ಲ, ಎಲೆಕ್ಟ್ರಾನ್ ದಾಟುವುದೇ ಇಲ್ಲ.

ತಿರುಗಿಸಿದಾಗ ಸುರಿಯುವ ಕೆಲಸ ಕಲೆಕ್ಟರ್‌ಗೆ ಬೀಳುತ್ತದೆ. ಅದರ ಹತ್ತಿರ ಸುರಿಯಲು ಅಷ್ಟು ಇಲ್ಲ. ಬೇಸ್‌ನಿಂದ ಹೋಲ್‌ಗಳೇ ಈ ಕಡೆ ನುಗ್ಗುತ್ತವೆ. ದಾಟಿ ಬಂದ ಎಲೆಕ್ಟ್ರಾನ್‌ಗಳಲ್ಲೂ ಎಷ್ಟೋ ಆ ಪುಟ್ಟ ಎಮಿಟರ್‌ಗೆ ಸಿಗದೆ ತಪ್ಪಿಹೋಗುತ್ತವೆ. ನಿಮ್ಮ ಅಳತೆಯಲ್ಲೇ ಲೆಕ್ಕ ಹಾಕಿ. ಒತ್ತಿದಾಗ 10ಕೆ ಮೂಲಕ ಬೇಸ್‌ಗೆ 1.1 ಮಿಲಿಆಂಪ್. ಕೆಂಪು ಎಲ್‌ಇಡಿಗೆ 1.8 ವೋಲ್ಟ್ ಬಿಟ್ಟರೆ 470 ಓಮ್ ಮೇಲೆ 3.2 ವೋಲ್ಟ್, ಅಂದರೆ 6.8 ಮಿಲಿಆಂಪ್. ಗೇನ್ ಸುಮಾರು 6. ಸರಿಯಾಗಿ ಹಾಕಿದರೆ ಬಿಸಿ547ಬಿಗೆ ಡೇಟಾಶೀಟ್‌ನಲ್ಲಿ 200ರಿಂದ 450.

ಆರದೆ ಉಳಿದದ್ದಕ್ಕೂ ಬೇರು ಅದೇ ಡೋಪಿಂಗ್. ಎಮಿಟರ್-ಬೇಸ್ ಜಂಕ್ಷನ್‌ನ ಎರಡೂ ಕಡೆ ಡೋಪಿಂಗ್ ಸಾಕಷ್ಟಿರುವುದರಿಂದ ಖಾಲಿ ಪಟ್ಟಿ ತೆಳುವಾಗುತ್ತದೆ, ಕಡಿಮೆ ವೋಲ್ಟ್‌ಗೇ ಕುಸಿಯುತ್ತದೆ. 5 ವೋಲ್ಟ್ ಸಪ್ಲೈ ಇದ್ದಿದ್ದರೆ ಕುಸಿಯುತ್ತಿರಲಿಲ್ಲ. ಎಲ್‌ಇಡಿ ಪೂರ್ತಿ ಆರುತ್ತಿತ್ತು, ಒತ್ತಿದಾಗ ಮಾತ್ರ ಸ್ವಲ್ಪ ಮಂಕು ಅನಿಸಿ ಸುಮ್ಮನಾಗುತ್ತಿದ್ದಿರಿ.

ಹಳೇ_ರೇಡಿಯೋ
ಜರ್ಮೇನಿಯಂ ಅಲಾಯ್ ಟ್ರಾನ್ಸಿಸ್ಟರ್‌ಗಳಲ್ಲಿ ಇಷ್ಟು ವ್ಯತ್ಯಾಸ ಇರಲಿಲ್ಲ. ಎರಡೂ ಕಡೆಯಿಂದ ಇಂಡಿಯಂ ಚುಕ್ಕೆ ಕರಗಿಸಿ ಕೂರಿಸುತ್ತಿದ್ದರು. ಎರಡು ತುದಿಯೂ ಸಮ ಇರುವ ಹಾಗೆ ಬೇಕಂತಲೇ ಮಾಡಿದವೂ ಇದ್ದವು. ಆ ಮೂರು ಡಬ್ಬದ ಚಿತ್ರ ಅವಕ್ಕೆ ಸರಿ ಹೊಂದುತ್ತದೆ.

ಪಿಎನ್‌ಪಿ_ಪುಟ್ಟಿ
ಕಾಲಿನ ಕ್ರಮದ ಬಗ್ಗೆ ಇನ್ನೊಂದು ಮಾತು. ಪಿಎನ್2222ಎ ಮತ್ತು ಪಿ2ಎನ್2222ಎ ಅಂತ ಎರಡಿವೆ. ಹೆಸರು ಓದಿದರೆ ಅಣ್ಣತಮ್ಮ ಅನಿಸುತ್ತದೆ, ಕಾಲುಗಳು ಮಾತ್ರ ಒಂದಕ್ಕೊಂದು ಉಲ್ಟಾ. ಗೊತ್ತಿಲ್ಲದಿದ್ದರೆ ಮೀಟರ್‌ನ ಡಯೋಡ್ ಮೋಡ್‌ನಲ್ಲಿ ನೋಡಿ. ಬೇಸ್‌ನಿಂದ ಎಮಿಟರ್‌ಗೆ ಬರುವ ಅಂಕಿ, ಬೇಸ್‌ನಿಂದ ಕಲೆಕ್ಟರ್‌ಗೆ ಬರುವುದಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ಇರುತ್ತದೆ.

ಸ್ಕೋಪ್_ಸುಬ್ಬ
ಉಲ್ಟಾ ಹಾಕಿದ ಟ್ರಾನ್ಸಿಸ್ಟರ್ ಅಂದ್ರೆ ನನಗೆ ಬಲು ಇಷ್ಟ. ಬೇಸ್ ಖಾಲಿ ಬಿಟ್ಟು ಹೀಗೆ ಕುಸಿಯಲು ಬಿಟ್ಟರೆ ಕೆಲವು ಟ್ರಾನ್ಸಿಸ್ಟರ್‌ಗಳು ನೆಗೆಟಿವ್ ರೆಸಿಸ್ಟೆನ್ಸ್ ತೋರಿಸುತ್ತವೆ. ಕರೆಂಟ್ ಏರಿದ ಹಾಗೆ ವೋಲ್ಟೇಜ್ ಇಳಿಯುತ್ತದೆ. ಎಲ್‌ಇಡಿ ಮತ್ತು ಟ್ರಾನ್ಸಿಸ್ಟರ್ ಎರಡಕ್ಕೂ ಸೇರಿ ಅಡ್ಡಲಾಗಿ ಒಂದು 470 ಮೈಕ್ರೋಫ್ಯಾರಡ್ ಕೆಪಾಸಿಟರ್, ಮೇಲೆ 470 ಓಮ್ ಬದಲು 1ಕೆ. ಒಂದೇ ಟ್ರಾನ್ಸಿಸ್ಟರ್‌ನಲ್ಲಿ ಮಿಣುಕು ದೀಪ ರೆಡಿ. ಸ್ಕೋಪ್‌ನಲ್ಲಿ ಗರಗಸದ ಹಲ್ಲಿನಂಥ ಅಲೆ ಬರುತ್ತದೆ, ಫೋಟೋ ಹಾಕ್ತೇನೆ ಇರಿ.

ಮಿಂಚುಳ್ಳಿ
ಅದಕ್ಕೆ ಅರೆಬೆಂದ ಅವರು ಇಷ್ಟು ಹೊತ್ತು ಉಲ್ಟಾ ಹಾಕಿದ್ದ ಆ ಎರಡು ಹಳೇ ಟ್ರಾನ್ಸಿಸ್ಟರ್‌ಗಳೇ ಸರಿ. ಎಮಿಟರ್ ಜಂಕ್ಷನ್ ಒಮ್ಮೆ ಕುಸಿದು ಕರೆಂಟ್ ಹರಿದರೆ ಗೇನ್ ಕೆಡುತ್ತದೆ, ಸಣ್ಣ ಕರೆಂಟ್‌ನಲ್ಲಿ ಎದ್ದು ಕಾಣುತ್ತದೆ. ಸ್ವಿಚ್ ಆಗಿ ಬಳಸಲು ತೊಂದರೆ ಇಲ್ಲ, ಮೈಕ್ ಆಂಪ್ಲಿಫೈಯರ್‌ಗೆ ಹಾಕಬೇಡಿ. ಇನ್ನೊಂದು: 12 ವೋಲ್ಟ್‌ನಲ್ಲಿ ಈಗ ಎಲ್‌ಇಡಿಗೆ ಸುಮಾರು 21 ಮಿಲಿಆಂಪ್ ಹೋಗುತ್ತಿದೆ. 470 ತೆಗೆದು 1ಕೆ ಹಾಕಿದರೆ ಎಲ್‌ಇಡಿ, ರೆಸಿಸ್ಟರ್ ಎರಡೂ ತಣ್ಣಗಿರುತ್ತವೆ.

ಓಮ್_ಕಾರ
ಎಲ್ಲ ಸರಿ. ಆದರೂ ಬೇಸ್‌ನಿಂದ ಗ್ರೌಂಡ್‌ಗೆ ಹಾಕಿದ 10ಕೆ ಇದ್ದರೆ ಒಳ್ಳೆಯದೇ. ಮುಂದೆ ಮೈಕ್ರೋಕಂಟ್ರೋಲರ್ ಪಿನ್‌ನಿಂದ ನಡೆಸುವಾಗ ಬೇಕೇ ಬೇಕು.

ಮಿಂಚುಳ್ಳಿ
ಅದನ್ನು ಒಪ್ಪುತ್ತೇನೆ.

ಅರೆಬೆಂದ_ವಾಹಕ
ಸುಬ್ಬಣ್ಣ, ಹಳೇ ಟ್ರಾನ್ಸಿಸ್ಟರ್ ಉಲ್ಟಾ ಹಾಕಿ, 1ಕೆ ಹಾಕಿ, ಕೆಪಾಸಿಟರ್ ಹಾಕಿದೆ. ಮಿಣುಕಲ್ಲ. ಒಂದೇ ಸಮ ಮಂಕಾಗಿ ಉರಿಯುತ್ತದೆ.

ಸ್ಕೋಪ್_ಸುಬ್ಬ
ಬೇಸ್ ಖಾಲಿ ಇದೆಯಾ?

ಅರೆಬೆಂದ_ವಾಹಕ
10ಕೆ ಇದೆ. ಓಮ್_ಕಾರ ಅವರು ಬೇಕೇ ಬೇಕು ಅಂದ್ರಲ್ಲ.

ಸ್ಕೋಪ್_ಸುಬ್ಬ
ಇದಕ್ಕೆ ಬೇಡ, ತೆಗೀರಿ! ಆಮೇಲೂ ಆಗದಿದ್ದರೆ ಎರಡನೆಯದನ್ನು ಹಾಕಿ. ಎಲ್ಲವೂ ಮಿಣುಕಲ್ಲ, ಕೆಲವಕ್ಕೆ 12 ವೋಲ್ಟ್ ಸಾಲುವುದೂ ಇಲ್ಲ.

ತಾಮ್ರದ_ತಂತಿ
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನೂ ಇದೇ ಪಾಠ ನೋಡ್ತಿದ್ದೇನೆ, ನನ್ನ ಹತ್ತಿರ ಇರುವುದು ಸಿ1815. ಇದನ್ನು ಬಿಸಿ547ರ ಥರ ಹಾಕಲಾ, 3904ರ ಥರ ಹಾಕಲಾ?

ಪಿಎನ್‌ಪಿ_ಪುಟ್ಟಿ
ಎರಡೂ ಅಲ್ಲ. ಎಡದಿಂದ ಎಮಿಟರ್, ಕಲೆಕ್ಟರ್, ಬೇಸ್. ಅದರಲ್ಲಿ ಬೇಸ್ ನಡುವೆ ಇರುವುದೇ ಇಲ್ಲ, ಕೊನೆಗಿದೆ. ಸಪ್ಲೈ ಎಷ್ಟು ವೋಲ್ಟ್?