ಅಪ್ಪನೊಡನೆ ಆಲ್ಪ್ಸ್ ಘಾಟಿ ಇಳಿಯುವ ಮುನ್ನ: ಬ್ರೇಕ್ ಎಂಜಿನಿಯರರೊಡನೆ ಪ್ರಶ್ನೋತ್ತರ

ಸದಸ್ಯ, ಮ್ಯೂನಿಕ್: ನಮಸ್ಕಾರ. ನನ್ನ ತಂದೆಗೆ 67 ವರ್ಷ. ಮೂವತ್ತು ವರ್ಷ ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸಿದವರು. ಕಳೆದ ವರ್ಷ ಅವರನ್ನು ಇಟಲಿಯ ಸ್ಟೆಲ್ವಿಯೊ ಘಾಟಿಗೆ ಕರೆದೊಯ್ದಿದ್ದೆ. ಬಾಡಿಗೆಯ ಆಟೊಮ್ಯಾಟಿಕ್ ಕಾರನ್ನು 'ಡಿ'ಯಲ್ಲೇ (ಗೇರನ್ನು ಕಾರೇ ಆರಿಸಿಕೊಳ್ಳುವ ಸ್ಥಿತಿ) ಬಿಟ್ಟು ಇಳಿಯುತ್ತಿದ್ದಾಗ ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು, ಪೆಡಲ್ ಮೆತ್ತಗಾಗಿ ಒಳಕ್ಕೆ ಇಳಿಯಿತು. ತಂದೆ "ಗೇರ್ ಇಳಿಸು, ಗೋಡೆ ಪಕ್ಕಕ್ಕೆ ತಗೊ" ಎಂದು ಕೂಗಿದ್ದರಿಂದ ಉಳಿದೆವು. ಈ ಜೂನ್‌ನಲ್ಲಿ ಪ್ಲಗ್-ಇನ್ ಹೈಬ್ರಿಡ್ ಕಾರಿನಲ್ಲಿ (ಎಂಜಿನ್ ಜೊತೆಗೆ ಚಾರ್ಜ್ ಮಾಡುವ ಬ್ಯಾಟರಿ, ಮೋಟಾರೂ ಇರುವಂಥದು) ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ರಸ್ತೆಗೆ ಹೋಗಲಿದ್ದೇವೆ. ಏನು ಎಚ್ಚರ ವಹಿಸಬೇಕು?

ಎಂಜಿನಿಯರ್, ಸ್ಟುಟ್‌ಗಾರ್ಟ್: ನಿಮ್ಮ ಪತ್ರ ಓದಿ ಗಾಬರಿಯಾಯಿತು, ಆದ್ದರಿಂದ ವಿವರವಾಗಿ ಬರೆಯುತ್ತೇನೆ. ಸ್ಟೆಲ್ವಿಯೊದ ನೆತ್ತಿ 2,757 ಮೀಟರ್. ಅಲ್ಲಿಂದ ಪ್ರಾಟೊ ಊರಿನ ಕಡೆಗೆ 48 ಹೇರ್‌ಪಿನ್ ತಿರುವುಗಳಲ್ಲಿ ಸುಮಾರು 1,800 ಮೀಟರ್ ಇಳಿಯಬೇಕು. ನಮ್ಮ ಆಗುಂಬೆಯಲ್ಲಿರುವುದು 14 ತಿರುವು. ಎರಡು ಟನ್ ತೂಕದ ಕಾರು ಅಷ್ಟು ಎತ್ತರದಿಂದ ಇಳಿಯುವಾಗ ಬಿಟ್ಟುಕೊಡುವ ಶಕ್ತಿ, ಮನೆಯ ಮೀಟರಿನ ಲೆಕ್ಕದಲ್ಲಿ ಹೇಳುವುದಾದರೆ, ಹತ್ತಿರ ಹತ್ತಿರ 10 ಯೂನಿಟ್. ಎಂಜಿನ್ ತಡೆಯದಿದ್ದರೆ ಅದರ ಬಹುಪಾಲು ಚಕ್ರಗಳ ನಾಲ್ಕು ಬ್ರೇಕ್ ಡಿಸ್ಕುಗಳಲ್ಲಿ ಶಾಖವಾಗುತ್ತದೆ.

ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್-4 (ಬ್ರೇಕ್ ದ್ರವದ ಒಂದು ದರ್ಜೆ) ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ್ದಕ್ಕೆ ಆ ಮಿತಿ 155 ಡಿಗ್ರಿ ಮಾತ್ರ. ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳಾಗುತ್ತವೆ, ಕಾಲಿನ ಒತ್ತಡವೆಲ್ಲ ಗುಳ್ಳೆ ಹಿಸುಕುವುದರಲ್ಲೇ ಕಳೆದುಹೋಗುತ್ತದೆ. ನಿಮ್ಮ ಪೆಡಲ್ ಮೆತ್ತಗಾದದ್ದು ಬಹುಮಟ್ಟಿಗೆ ಹೀಗೆಯೇ.

ಗ್ರೋಸ್‌ಗ್ಲಾಕ್ನರ್ ರಸ್ತೆ 1935ರಲ್ಲಿ ತೆರೆದದ್ದು, 48 ಕಿ.ಮೀ., 36 ತಿರುವು, ಕಡಿದಾದ ಕಡೆ ಇಳಿಜಾರು ನೂರಕ್ಕೆ 12. ಹೈಬ್ರಿಡ್ ಎಂದು ನಿಶ್ಚಿಂತರಾಗಬೇಡಿ. ನೆತ್ತಿಯಲ್ಲಿ ಬ್ಯಾಟರಿ ತುಂಬಿದ್ದರೆ ಇಳಿಯುವಾಗ ಮೋಟಾರು ಕಾರನ್ನು ತಡೆಯುತ್ತ ಹುಟ್ಟಿಸುವ ವಿದ್ಯುತ್ತಿಗೆ ಜಾಗವೇ ಇರುವುದಿಲ್ಲ, ಭಾರವೆಲ್ಲ ಮತ್ತೆ ಬ್ರೇಕಿಗೇ ಬೀಳುತ್ತದೆ. ಆದ್ದರಿಂದ ಬ್ಯಾಟರಿಯಲ್ಲಿ ಜಾಗವಿಟ್ಟುಕೊಂಡು ಇಳಿಯಲು ಆರಂಭಿಸಿ. 'ಬಿ' (ಕಾಲು ತೆಗೆದೊಡನೆ ಕಾರನ್ನು ಹೆಚ್ಚು ತಡೆಯುವ ಸ್ಥಿತಿ) ಅಥವಾ ಮ್ಯಾನ್ಯುವಲ್ ಸ್ಥಿತಿಗೆ ಹಾಕಿ. ಬ್ರೇಕನ್ನು ಸವರುತ್ತ ಇರಬೇಡಿ. ತಿರುವಿಗೆ ಮುನ್ನ ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಡಿ. ವಾಸನೆ ಬಂದರೆ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ.

"ಹತ್ತುವ ಗೇರಿನಲ್ಲೇ ಇಳಿ" ಎಂಬುದು ಘಾಟಿಯ ಚಾಲಕರ ಹಳೆಯ ಮಾತು. ನಿಮ್ಮ ತಂದೆ ಸರಿಯಾಗಿ ಹೇಳಿದ್ದರು.

ಸದಸ್ಯ, ದಾವಣಗೆರೆ: ಸ್ವಿಟ್ಜರ್ಲೆಂಡ್, ಆಸ್ಟ್ರಿಯಾಗಳಿಗೆ ವಿನ್ಯೆಟ್ (ಹೆದ್ದಾರಿ ಶುಲ್ಕದ ಚೀಟಿ) ಬೇಕೆ?

ಎಂಜಿನಿಯರ್: ಎರಡೂ ಕಡೆ ಹೆದ್ದಾರಿಗೆ ಬೇಕು. ಸ್ವಿಸ್‌ನದು ವಾರ್ಷಿಕ ಮಾತ್ರ, 40 ಫ್ರಾಂಕ್. ಗ್ರೋಸ್‌ಗ್ಲಾಕ್ನರ್‌ಗೆ ಬೇರೆ ಟೋಲ್. ಜರ್ಮನಿಯಲ್ಲಿ ಕಾರಿಗೆ ಟೋಲ್ ಇಲ್ಲ.

ಸದಸ್ಯ, ಶಿವಮೊಗ್ಗ: ವಾಟ್ಸಾಪಿನಲ್ಲಿ ಬಂದದ್ದನ್ನು ಹಾಕುತ್ತಿದ್ದೇನೆ: "ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಿ, ಇಂಧನ ಉಳಿಸಿ. ಬ್ರೇಕ್ ಕಾದರೆ ಚಕ್ರಕ್ಕೆ ನೀರು ಸುರಿಯಿರಿ." ಎಲ್ಲರಿಗೂ ಉಪಯೋಗವಾಗಲಿ.

ಎಂಜಿನಿಯರ್: ದಯವಿಟ್ಟು ಇದನ್ನು ಅಳಿಸಿ. ಕೆಂಪಗೆ ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಬಿರುಕು ಬಿಡಬಹುದು. ಇಂದಿನ ಕಾರು ಗೇರಿನಲ್ಲಿ ಉರುಳುವಾಗ ಎಂಜಿನ್ನಿಗೆ ಇಂಧನ ತಾನಾಗಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಸುಮ್ಮನೆ ತಿರುಗುತ್ತಿರಲು ಇಂಧನ ಬೇಕು. ಉಳಿತಾಯವೂ ಇಲ್ಲ, ಎಂಜಿನ್ನಿನ ತಡೆಯೂ ಇಲ್ಲ. ಇಂಥದ್ದನ್ನು ನಂಬಿ ಒಬ್ಬರು ಇಳಿದರೂ ಹೊಣೆ ಹಂಚಿದವರದು.

ಸದಸ್ಯ, ಶಿವಮೊಗ್ಗ: ಒಳ್ಳೆಯ ಉದ್ದೇಶದಿಂದ ಹಾಕಿದೆ. ಇಷ್ಟು ಕಟುವಾಗಿ ಹೇಳಬೇಕಿರಲಿಲ್ಲ.

ಸದಸ್ಯ, ಹುಬ್ಬಳ್ಳಿ: ಮೂಲ ತಪ್ಪು ಆಟೊಮ್ಯಾಟಿಕ್ ತೆಗೆದುಕೊಂಡದ್ದು. ಕಾರು ಪ್ರೀತಿಸುವವರು ಆಲ್ಪ್ಸ್‌ಗೆ ಮ್ಯಾನ್ಯುವಲ್ ಬಿಟ್ಟು ಬೇರೆ ಒಯ್ಯಬಾರದು.

ಸದಸ್ಯೆ, ಮೈಸೂರು: ಬಲಬದಿಯ ಸಂಚಾರವೇ ಹೊಸದಾಗಿರುವವರಿಗೆ ಬಲಗೈಯ ಗೇರನ್ನೂ ಹೊರಿಸುತ್ತೀರಾ? ನನ್ನ ತಾಯಿ ಪಕ್ಕದಲ್ಲಿದ್ದಾಗ ನನಗೆ ಎರಡು ಕೈಯೂ ಸ್ಟಿಯರಿಂಗ್ ಮೇಲೆ ಬೇಕು.

ಸದಸ್ಯ, ಹುಬ್ಬಳ್ಳಿ: ಹಾಗಾದರೆ ಬಸ್ಸಿನಲ್ಲಿ ಹೋಗಿ.

ಸದಸ್ಯೆ, ಮೈಸೂರು: ಎಲ್ಲಿ ಹೇಗೆ ಹೋಗಬೇಕೆಂದು ನಿಮ್ಮನ್ನು ಕೇಳಿಲ್ಲ.

ಸದಸ್ಯ, ಬೆಳಗಾವಿ: ವಿನ್ಯೆಟ್ ಬೇಕೆ? ಬಾಡಿಗೆ ಕಾರಿನಲ್ಲಿ ತಂದೆಯನ್ನು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ರೇಸ್ ಟ್ರ್ಯಾಕ್ ಸುತ್ತಿಸಬಹುದೆ?

ಎಂಜಿನಿಯರ್: ಮೊದಲನೆಯದಕ್ಕೆ ಮೇಲೆ ಉತ್ತರವಿದೆ. ಎರಡನೆಯದಕ್ಕೆ, ಬೇಡ. ಸಾಮಾನ್ಯ ಬಾಡಿಗೆ ಕರಾರು ಅದನ್ನು ನಿಷೇಧಿಸುತ್ತದೆ, ವಿಮೆ ಸಿಗುವುದಿಲ್ಲ.

ಸದಸ್ಯೆ, ಮೈಸೂರು: ಮಂಡಿ ನೋವಿರುವ ತಾಯಿಗೆ ಸ್ಟುಟ್‌ಗಾರ್ಟ್ ಸುತ್ತ ಒಂದು ದಿನದ ಸುಲಭ ದಾರಿ ಇದೆಯೆ?

ಎಂಜಿನಿಯರ್: ಬೆರ್ಥಾ ಬೆಂಜ್ ದಾರಿ ಹಿಡಿಯಿರಿ. 1888ರ ಆಗಸ್ಟ್‌ನಲ್ಲಿ ಆಕೆ ಗಂಡ ಕಾರ್ಲ್ ಬೆಂಜರಿಗೆ ಹೇಳದೆ, ಮಕ್ಕಳಾದ ಓಯ್ಗೆನ್ ಮತ್ತು ರಿಚರ್ಡ್‌ರನ್ನು ಕೂರಿಸಿಕೊಂಡು, ಮೂರು ಚಕ್ರದ ಕಾರಿನಲ್ಲಿ ಮನ್‌ಹೈಮ್‌ನಿಂದ ತವರೂರಾದ ಫೋರ್ಟ್ಸ್‌ಹೈಮ್‌ಗೆ ನೂರು ಕಿ.ಮೀ. ಮೀರಿದ ದಾರಿ ಕ್ರಮಿಸಿದರು. ಇಂಧನ ಮುಗಿದಾಗ ವೀಸ್‌ಲೋಹ್‌ನ ಔಷಧಿ ಅಂಗಡಿಯಲ್ಲಿ ಲಿಗ್ರೋಯಿನ್ ಎಂಬ ಪೆಟ್ರೋಲಿಯಂ ದ್ರವ ಕೊಂಡರು. ಆ ಅಂಗಡಿಯ ಮುಂದೆ ಇಂದೂ ನಿಲ್ಲಬಹುದು. ಇಳಿಜಾರಿನಲ್ಲಿ ಬ್ರೇಕಿನ ಕಟ್ಟಿಗೆ ಸವೆದಾಗ ಚಮ್ಮಾರರಿಂದ ಅದಕ್ಕೆ ಚರ್ಮ ಹೊಡೆಸಿದರು. ನಾನು ದಿನವೂ ಕೆಲಸ ಮಾಡುವ ಬ್ರೇಕ್ ಲೈನಿಂಗಿನ (ಬ್ರೇಕಿನಲ್ಲಿ ಉಜ್ಜುವ ಪದರ) ಮೂಲ ಆ ಚರ್ಮದ ತುಂಡು. ಹೊಸ ಸಹೋದ್ಯೋಗಿಗಳಿಗೆ ನಾನು ಮೊದಲು ಹೇಳುವುದು ಈ ಕಥೆಯನ್ನೇ.

ಸದಸ್ಯ, ತುಮಕೂರು: ಚಳಿಗಾಲದ ಟೈರು ಮೇ ತಿಂಗಳಲ್ಲೂ ಬೇಕೆ?

ಸದಸ್ಯ, ಮ್ಯೂನಿಕ್: ತುಂಬಾ ಧನ್ಯವಾದಗಳು. ಇನ್ನೊಂದು ಮಾತು: ಈ ಸಲ ಇಳಿಜಾರನ್ನು ತಾವೇ ಓಡಿಸುವುದಾಗಿ ತಂದೆ ಹಟ ಹಿಡಿದಿದ್ದಾರೆ.

ಎಂಜಿನಿಯರ್: ಊರಿನ ಆರ್‌ಟಿಒದಿಂದ ಅವರ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿ, ಕಾರು ಬಾಡಿಗೆಯದಾದರೆ ಕರಾರಿನಲ್ಲಿ ಎರಡನೆಯ ಚಾಲಕರೆಂದು ಹೆಸರು ಬರೆಸಿ. ಮೊದಲ ಎರಡು ದಿನ ಬಯಲಿನಲ್ಲಿ ಓಡಿಸಲಿ. ಗುರುತಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ದಾರಿ ಬಿಡುವುದು ರೂಢಿಯಾಗಲಿ. ಆಮೇಲೆ ಇಳಿಜಾರನ್ನು ಅವರ ಕೈಗೇ ಕೊಡಿ.

ಸದಸ್ಯ, ಕಲಬುರಗಿ: ಸರ್, ಆಸ್ಟ್ರಿಯಾಕ್ಕೆ ವಿನ್ಯೆಟ್ ಬೇಕೆ?

ಎಂಜಿನಿಯರ್: ಮೇಲೆ ಓದಿ.