ಅಪ್‌ಡೇಟ್: ‘ರವಿ ಅಂಡ್ ಐ’ ಎಲ್ಲಿ, ‘ರವಿ ಅಂಡ್ ಮೀ’ ಎಲ್ಲಿ?

‘ಸರ್ ಕಾಲ್ಡ್ ರವಿ ಅಂಡ್ ಐ’ ಸರಿ ಏನ್ರಿ ಅಂತ ಕೇಳಿದ್ದೆ. ತಪ್ಪು; ‘ಮೀ’ ಬರಬೇಕು. ‘ರವಿ ಅಂಡ್’ ಬೆರಳಿಂದ ಮುಚ್ಚಿ ಓದ್ರಿ: ‘ಸರ್ ಕಾಲ್ಡ್ ಐ’ ಕಿವಿಗೇ ಕುಟುಕತೈತಿ. ‘ಬಿಟ್ವೀನ್’ ಇದ್ದಲ್ಲಿ ಮಾತ್ರ ಈ ಯುಕ್ತಿ ನಡೆಯಂಗಿಲ್ಲ, ಅದಕ್ಕ ಇಬ್ಬರು ಬೇಕ ಬೇಕು. ಅಲ್ಲಿ ಪ್ರಿಪೊಸಿಷನ್ ನೋಡ್ರಿ: ಟು, ಫಾರ್, ವಿತ್, ಬಿಟ್ವೀನ್ ಆದಮ್ಯಾಲೆ ಮೀ, ಹಿಮ್, ಹರ್, ಅಸ್, ದೆಮ್. ಹಂಗಾಗಿ ‘ಬಿಟ್ವೀನ್ ಯು ಅಂಡ್ ಮೀ’.

ಧಾರವಾಡದ ಕೋಚಿಂಗ್ ಹುಡುಗರು ಇದಕ್ಕಿಂತ ಹೆಚ್ಚು ಎಡವೋದು ‘ಎಕ್ಸ್‌ಪ್ಲೇನ್ ಮೀ’ ಅನ್ನೋದ್ರಾಗ. ನಮ್ಮ ‘ನನಗ’, ‘ನನ್ನನ್ನ’ ಎರಡಕ್ಕೂ ಇಂಗ್ಲಿಷಿನ್ಯಾಗ ‘ಮೀ’ ಒಂದ. ‘ಟೆಲ್ ಮೀ’, ‘ಗಿವ್ ಮೀ’ ನಡೀತಾವ. ‘ಎಕ್ಸ್‌ಪ್ಲೇನ್’ಗೆ ನಡುವ ‘ಟು’ ಹಾಕಲೇಬೇಕು: ‘ಎಕ್ಸ್‌ಪ್ಲೇನ್ ಇಟ್ ಟು ಮೀ’. ‘ಸಜೆಸ್ಟ್’ದೂ ಇದೇ ಹಣೆಬರಹ.